ಬೋರಲಗಲ್ಲಿನ ಹೆಸರು

ನಾನು ಒಂದು ವೀರಗಲ್ಲು. ದನಗಳ್ಳರ ಬೆನ್ನು ಹತ್ತಿ ಸತ್ತವರಿಗೆ, ಊರು ಕಾಯುತ್ತ ಸತ್ತವರಿಗೆ ಹಿಂದಿನವರು ನಿಲ್ಲಿಸುತ್ತಿದ್ದ ಕಲ್ಲುಗಳನ್ನು ನೀವು ಕೆರೆಯ ಏರಿಯ ಮೇಲೆ, ಗುಡಿಯ ಬೆನ್ನಿಗೆ, ಬಸ್ ನಿಲ್ದಾಣದ ಮಗ್ಗುಲಿಗೆ ಕಂಡಿರುತ್ತೀರಿ. ಅಂಥವುಗಳಲ್ಲಿ ನಾನೂ ಒಂದು. ಆದರೆ ಒಂದು ವ್ಯತ್ಯಾಸವಿದೆ. ಉಳಿದ ಕಲ್ಲುಗಳೆಲ್ಲ ಯಾರೋ ಸತ್ತ ಮೇಲೆ ಹುಟ್ಟಿದವು. ನಾನು ಮೊದಲೇ ಹುಟ್ಟಿದೆ.

ನನ್ನನ್ನು ಕಟೆದವನು ಬೀಚೋಜ. ಕಾಳಗ, ದನಗಳ್ಳತನ ಹೆಚ್ಚಾದ ವರ್ಷ ಅವನಿಗೆ ಕೈತುಂಬ ಕೆಲಸ. ಊರು ನೆಮ್ಮದಿಯಾಗಿದ್ದರೆ ಅವನ ಒಲೆ ತಣ್ಣಗೆ. ಹಾಗೆಂದು ಉಳಿ ಹಿಡಿದವನು ಸುಮ್ಮನೆ ಕೂರಲಾದೀತೇ? ಬಿಡುವಿನ ದಿನಗಳಲ್ಲಿ ಅವನು ವೀರಗಲ್ಲುಗಳನ್ನು ಮುಂಗಡವಾಗಿಯೇ ಕೆತ್ತಿ ಇಟ್ಟುಕೊಳ್ಳುತ್ತಿದ್ದ. ಕೆಳಗಿನ ಸಾಲಿನಲ್ಲಿ ಕುದುರೆಯೇರಿ ಭರ್ಜಿ ಎತ್ತಿದ ಮೀಸೆಯ ವೀರ, ಅವನ ಮುಂದೆ ದನಗಳು. ನಡುವಿನ ಸಾಲಿನಲ್ಲಿ ಅವನನ್ನು ಸ್ವರ್ಗಕ್ಕೆ ಹೊತ್ತೊಯ್ಯುವ ದೇವಕನ್ಯೆಯರು. ಮೇಲಿನ ಸಾಲಿನಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಕೆಳಗಿನ ಸಾಲಿಗೂ ನಡುವಿನ ಸಾಲಿಗೂ ಮಧ್ಯೆ ಅಂಗೈ ಅಗಲದ ಒಂದು ಪಟ್ಟಿಯನ್ನು ನುಣ್ಣಗೆ ಉಜ್ಜಿ ಖಾಲಿ ಬಿಡುತ್ತಿದ್ದ. ಅದು ಹೆಸರಿಗೆ. ಯಾರು ಸತ್ತರೂ ಕುದುರೆ ಅದೇ, ಮೀಸೆ ಅದೇ. ಅಳುತ್ತ ಬಂದವರು ಹೆಸರು ಹೇಳಿದರೆ ಸಂಜೆಯೊಳಗೆ ಕಲ್ಲು ಸಿದ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ನೀವು ನಗುತ್ತೀರಿ. ಬೀಚೋಜನ ಅಂಗಳದಲ್ಲಿ ಮನುಷ್ಯ ಸಾಯುವ ಮುಂಚೆಯೇ ಅವನ ಕಲ್ಲು ಕಾದು ನಿಂತಿರುತ್ತಿತ್ತು.

ನನ್ನನ್ನು ಕೆತ್ತುವಾಗ ಕುದುರೆಯ ಹಿಂದೆ ಸ್ವಲ್ಪ ಜಾಗ ಉಳಿಯಿತು. ಬೋಳಾಗಿ ಕಾಣುತ್ತದೆಂದು ಬೀಚೋಜ ಅಲ್ಲೊಂದು ಪುಟ್ಟ ಆಳನ್ನು ಕೆತ್ತಿ, ವೀರನಿಗೆ ನೆರಳಾಗಲಿ ಎಂದು ಅದರ ಕೈಗೊಂದು ಕೊಡೆ ಕೊಟ್ಟ. ಇಷ್ಟೇ ನನ್ನ ಚರಿತ್ರೆ. ಅಲ್ಲಿ ಯಾವ ವೀರನೂ ಇಲ್ಲ, ಯಾವ ಕಾಳಗವೂ ಇಲ್ಲ.

ನನ್ನ ಜೊತೆಯ ಕಲ್ಲುಗಳೆಲ್ಲ ಒಂದೊಂದಾಗಿ ಹೆಸರು ಪಡೆದು ಗಾಡಿ ಹತ್ತಿ ಹೋದವು. ನನ್ನ ಪಾಲಿನವನು ಮಾತ್ರ ಬರಲಿಲ್ಲ. ಬೀಚೋಜ ಮುದುಕನಾಗಿ ಸತ್ತ. ಕಲ್ಲು ಕಟೆಯುವವನಿಗೆ ಕಲ್ಲು ನಿಲ್ಲಿಸುವವರು ಯಾರು? ಅವನ ಮಕ್ಕಳು ಊರು ಬಿಟ್ಟರು. ಹುಲಗಿನಕೊಪ್ಪದ ಜನ ನನ್ನನ್ನು ಎಳೆದು ತಂದು ಕೆರೆಯ ಏರಿಯ ಮೇಲೆ ನಿಲ್ಲಿಸಿದರು. ಖಾಲಿ ಪಟ್ಟಿ ಹೊತ್ತು ನಾನು ಬಿಸಿಲು ಕಾಯುತ್ತ ನಿಂತೆ.

ಒಂದು ದಿನ ಇಬ್ಬರು ಗೆಳೆಯರು ಎತ್ತುಗಳಿಗೆ ಮೈತೊಳೆಸಲು ಬಂದರು. ಒಬ್ಬನ ಕೈಯಲ್ಲಿ ಇದ್ದಿಲಿನ ಚೂರಿತ್ತು. ತಮಾಷೆಗೆಂದು ನನ್ನ ಪಟ್ಟಿಯ ಮೇಲೆ ಇನ್ನೊಬ್ಬನ ಹೆಸರು ಬರೆದ. ಆ ಇನ್ನೊಬ್ಬನೂ ನಕ್ಕ. ಅದೇ ಹೊತ್ತಿಗೆ ನನಗೆ ಏನೋ ಕೇಳಿಸಿತು. ಅದು ಉಸಿರು. ನಗುತ್ತಿದ್ದವನ ಉಸಿರು, ನನ್ನ ಹೊಟ್ಟೆಯೊಳಗಿಂದ ಬಂದಷ್ಟು ಹತ್ತಿರವಾಗಿ. ಹೆಸರು ಹೊತ್ತ ಕಲ್ಲಿಗೆ ಆ ಹೆಸರಿನವರ ಉಸಿರು ಕೇಳಿಸುತ್ತದೆ ಎಂದು ನನಗೆ ತಿಳಿದದ್ದು ಆಗ. ಉಳಿದ ವೀರಗಲ್ಲುಗಳಿಗೆ ಇದು ತಿಳಿದಿಲ್ಲ. ಅವು ಹೊತ್ತದ್ದು ಸತ್ತವರ ಹೆಸರು.

ಎತ್ತುಗಳು ನೀರಿನಿಂದ ಮೇಲೆ ಬಂದವು. ಅವನು ಬರಲಿಲ್ಲ. ಉಸಿರು ಮೊದಲು ಜೋರಾಯಿತು, ಆಮೇಲೆ ನೀರಿನ ಗುಳುಗುಳು, ಆಮೇಲೆ ಏನೂ ಇಲ್ಲ. ಅವನ ತಂದೆ ಬಂದು ತನ್ನ ರುಮಾಲು ಬಿಚ್ಚಿ ಇದ್ದಿಲಿನ ಹೆಸರನ್ನು ಒರೆಸಿ ಹಾಕಿದ. “ಮಗನ್ನ ತಗೊಂಡಿ, ಹೆಸರ ಕೊಡಂಗಿಲ್ಲ” ಎಂದ. ಊರವರೆಲ್ಲ ಸೇರಿ ನನ್ನನ್ನು ಬೋರಲು ಕೆಡವಿದರು. ಹೆಸರಿಲ್ಲದ ಕಲ್ಲು ಹೆಸರು ಕೇಳುತ್ತದೆ ಎಂಬ ಮಾತು ಆ ಊರಿನಲ್ಲಿ ಹುಟ್ಟಿತು. ನನಗೆ ಬೋರಲಗಲ್ಲು ಎಂದು ಹೆಸರಾಯಿತು. ಹಾಗೆ ನೋಡಿದರೆ ಅದೂ ಒಂದು ಹೆಸರೇ, ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ.

ಕೆರೆಯ ನೀರು ಹೊರಬೀಳುವ ಸಣ್ಣ ಹಳ್ಳದ ಮೇಲೆ ನನ್ನನ್ನು ಅಡ್ಡ ಹಾಕಿ ದಾಟುವ ಚಪ್ಪಡಿ ಮಾಡಿಕೊಂಡರು. ಬೆನ್ನ ಮೇಲೆ ಜನರ ಕಾಲು, ಮುಖದ ಕೆಳಗೆ ನೀರು. ಎಷ್ಟೋ ತಲೆಮಾರು ನಾನು ಮನುಷ್ಯರನ್ನು ನೋಡಿದ್ದು ಆ ನೀರಿನಲ್ಲೇ, ತಲೆಕೆಳಗಾಗಿ. ಅವರು ದಂಡೆಗೆ ಬಂದು ಬಗ್ಗಿದಾಗ ಮುಖ ಕಾಣುತ್ತಿತ್ತು. ಕೊಡೆಯಿದ್ದ ಆಳಿನ ಕೊಡೆ ಪ್ರವಾಹದ ಕಲ್ಲು ಬಡಿದು ಮುರಿದುಹೋಯಿತು. ಮೇಲೆತ್ತಿದ ಬರಿಗೈ ಉಳಿಯಿತು.

ಆಮೇಲೆ ಹಳ್ಳದ ಆಚೆ ದಂಡೆಗೆ ಸರ್ಕಾರಿ ಶಾಲೆ ಬಂತು. ನಾನು ಶಾಲೆಯ ಹೊಸ್ತಿಲಿನಂತಾದೆ. ಮಕ್ಕಳು ನನ್ನ ಬೆನ್ನ ಮೇಲೆ ಕುಣಿದರು, ಪಾಟಿ ಒಡೆದರು, ಮಾಸ್ತರರ ಅಣಕ ಮಾಡಿದರು. ಕಸ್ತೂರಿ ಬಣಕಾರ ಅವರ ಬಗ್ಗೆ ನಾನು ಕೇಳಿದ್ದು ಹಾಗೆ. ಅವರು ಇತಿಹಾಸ ಕಲಿಸಲು ಬಂದವರು. ಆ ಕಡೆ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎನ್ನುತ್ತಾರೆ. ಹೀಗಾಗಿ ಅವರು ಎಲ್ಲರಿಗೂ ಬಣಕಾರ ಅಕ್ಕೋರು.

ಅಕ್ಕೋರ ಪಾಠದಲ್ಲಿ ಇಸವಿ ಕಡಿಮೆ, ಕಥೆ ಹೆಚ್ಚು. ಮಕ್ಕಳ ಮಾಸಪತ್ರಿಕೆಗಳಿಗೆ ಐತಿಹಾಸಿಕ ಕಥೆ ಬರೆಯುವುದು ಅವರ ಹುಚ್ಚು. ರಾಜರ ಕಥೆಯಲ್ಲ. ಕೋಟೆಗೆ ನೀರು ಹೊತ್ತವಳು, ಆನೆಗೆ ಸೊಪ್ಪು ಹಾಕಿದವನು, ಶತ್ರುವಿನ ಪಾಳೆಯಕ್ಕೆ ಮಜ್ಜಿಗೆ ಮಾರಲು ಹೋದ ಹುಡುಗಿ, ಇಂಥವರ ಕಥೆ. ಆ ಪಾತ್ರಗಳಿಗೆ ತಮ್ಮ ತರಗತಿಯ ಮಕ್ಕಳ ಹೆಸರನ್ನೇ ಇಡುತ್ತಿದ್ದರು. ತನ್ನ ಹೆಸರು ಅಚ್ಚಿನಲ್ಲಿ ಕಂಡ ಮಗು ಮತ್ತೆ ಶಾಲೆ ತಪ್ಪಿಸುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. “ಅಕ್ಕೋರ, ನನ್ನ ಪಾಳಿ ಯಾವಾಗ್ರಿ?” ಎಂದು ಮಕ್ಕಳು ಅವರ ಸೆರಗು ಹಿಡಿಯುತ್ತಿದ್ದರು.

ಇನ್ನೆರಡು ಮಾತನ್ನು ಅವರು ಪ್ರತಿ ವರ್ಷ ಹೇಳುತ್ತಿದ್ದರು, ಮಕ್ಕಳು ನನ್ನ ಬೆನ್ನ ಮೇಲೆ ನಿಂತು ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದರು. “ಪುಸ್ತಕ ಸುಳ್ಳ ಹೇಳಬಹುದು, ಕಲ್ಲಿನ ಮ್ಯಾಲೆ ಬರದದ್ದು ಸುಳ್ಳ ಹೇಳೂದಿಲ್ಲ” ಎಂಬುದು ಒಂದು. ಕೋಟೆ, ಗುಡಿ ನೋಡಲು ಕರೆದೊಯ್ದಾಗ ಗೋಡೆಯ ಮೇಲೆ ಹೆಸರು ಗೀಚಿದ ಹುಡುಗರಿಗೆ ಹೇಳುವುದು ಇನ್ನೊಂದು. “ಹಳೇ ಕಲ್ಲಿನ ಮ್ಯಾಲೆ ತನ್ನ ಹೆಸರ ಕೆತ್ತಾಂವಗ ಇತಿಹಾಸ ಗೊತ್ತಿಲ್ಲ, ಮರ್ಯಾದಿನೂ ಗೊತ್ತಿಲ್ಲ.”

ಹೊನ್ನವ್ವ ಆರನೇ ತರಗತಿಯ ಹುಡುಗಿ. ತಾಯಿಯಿಲ್ಲ, ಅಜ್ಜಿ ನಿಂಗವ್ವ ಸಾಕಿದ್ದಳು. ಕೇಳಿದರೆ ಉತ್ತರ, ಕೇಳದಿದ್ದರೆ ಮೌನ. ಒಂದು ಮಧ್ಯಾಹ್ನ ಅವಳ ಚಪ್ಪಲಿ ಹಳ್ಳಕ್ಕೆ ಬಿತ್ತು. ಬೇಸಿಗೆ, ನೀರು ಇಂಗಿತ್ತು. ಅವಳು ನನ್ನ ಅಂಚು ಹಿಡಿದು ತಲೆ ಕೆಳಗೆ ಮಾಡಿ ಇಣುಕಿದಳು. ಚಪ್ಪಲಿ ಬಿಟ್ಟು ಕೂಗಿದಳು.

“ಅಕ್ಕೋರ, ಕಲ್ಲಿನ ಬುಡಕ ಮಂದಿ ಅದಾರ್ರಿ! ನನ್ನ ನೋಡಾಕತ್ತಾರ್ರಿ!”

ಅಕ್ಕೋರು ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದರು. ಕೆಸರನ್ನು ಅಂಗೈಯಿಂದ ಒರೆಸಿದರು. ಎಷ್ಟೋ ಕಾಲದ ಮೇಲೆ ಒಂದು ಮುಖ ನನ್ನ ಮುಖದ ಹತ್ತಿರ ಬಂತು. ಅವರ ಕಣ್ಣಲ್ಲಿ ನೀರಿತ್ತು. ಪುಸ್ತಕದಲ್ಲಿ ಓದಿದ್ದು ಕೈಗೆ ಸಿಕ್ಕ ಸಂತೋಷ ಅದು.

ನನ್ನನ್ನು ಎಬ್ಬಿಸುವ ಸುದ್ದಿ ಕೇಳಿ ನಿಂಗವ್ವ ಕೋಲೂರಿಕೊಂಡು ಬಂದಳು.

“ಬ್ಯಾಡ್ರಿ ಅಕ್ಕೋರ. ಅದನ್ನ ಹಿರ್ಯಾರು ಮಕ ಕೆಳಗ ಮಾಡಿ ಮಲಗಿಸ್ಯಾರ. ಹೆಸರಿಲ್ಲದ ಕಲ್ಲದು, ಹೆಸರ ಕೇಳತೈತಿ.”

“ಅಜ್ಜಿ, ಕಲ್ಲು ಏನೂ ಕೇಳೂದಿಲ್ಲ. ನಾವ ಕಲ್ಲಿನ್ನ ಕೇಳಬೇಕು, ನೀ ಯಾರದು ಅಂತ.”

“ಅದು ಯಾರದೂ ಅಲ್ರಿ. ಅದಕ್ಕ ಅಂಜಿಕಿ.”

ಅಷ್ಟು ಸರಿಯಾಗಿ ನನ್ನ ಬಗ್ಗೆ ಮತ್ತಾರೂ ಹೇಳಿರಲಿಲ್ಲ. ಆದರೆ ಓದಿದವರ ಮುಂದೆ ಮುದುಕಿಯ ಮಾತು ನಡೆಯುತ್ತದೆಯೇ? ನನ್ನನ್ನು ಎಬ್ಬಿಸಿ ಶಾಲೆಯ ಅಂಗಳದ ಕಟ್ಟೆಯ ಮೇಲೆ ನಿಲ್ಲಿಸಿದರು.

ಅಕ್ಕೋರು ನನ್ನ ಮುಂದೆ ಗಂಟೆಗಟ್ಟಲೆ ಕೂತರು. ಇಳಿಬಿಸಿಲು ಅಡ್ಡ ಬಿದ್ದಾಗ ಪಟ್ಟಿಯನ್ನು ನೋಡಿದರು, ನೀರೆರಚಿ ನೋಡಿದರು, ಬೆರಳಾಡಿಸಿ ನೋಡಿದರು. ಅಕ್ಷರ ಸವೆದು ಹೋಗಿವೆ ಎಂದುಕೊಂಡರು. ಅಲ್ಲಿ ಯಾವತ್ತೂ ಅಕ್ಷರವೇ ಇರಲಿಲ್ಲ ಎಂದು ಅವರಿಗೆ ಹೊಳೆಯಲೇ ಇಲ್ಲ. ಆಮೇಲೆ ಅವರ ಕಣ್ಣು ಕುದುರೆಯ ಹಿಂದಿನ ಪುಟ್ಟ ಆಳಿನ ಮೇಲೆ ಬಿತ್ತು. ಮೇಲೆತ್ತಿದ ಕೈ, ಕೊಡೆಯಿಲ್ಲ. “ಈ ಕೂಸು ಯಾರನ್ನೋ ಕೂಗಾಕತ್ತೈತಿ” ಎಂದರು. ಅಲ್ಲಿಗೆ ಕಥೆ ಹುಟ್ಟಿತು.

ಕಥೆ ಹೀಗಿತ್ತು. ದನ ಕಾಯಲು ಹೋದ ಒಬ್ಬ ಹುಡುಗಿಗೆ ಕಳ್ಳರು ಬರುವುದು ಕಾಣುತ್ತದೆ. ಅಡಗಿ ಕೂತರೆ ಅವಳು ಉಳಿಯುತ್ತಾಳೆ, ಊರ ದನ ಹೋಗುತ್ತವೆ. ಅವಳು ದಿಬ್ಬವೇರಿ ಕೈಯೆತ್ತಿ ಕೂಗುತ್ತಾಳೆ. ಊರು ಎಚ್ಚರಾಗುತ್ತದೆ, ದನ ಉಳಿಯುತ್ತವೆ. ಬಾಣವೊಂದು ಬಂದು ಅವಳನ್ನು ಕೆಡವುತ್ತದೆ. ಕಲ್ಲನ್ನು ಕಂಡುಹಿಡಿದವಳು ಹೊನ್ನವ್ವ, ಅವಳ ಪಾಳಿಯೂ ಬಂದಿತ್ತು. ಹುಡುಗಿಯ ಹೆಸರು ಹೊನ್ನವ್ವ ಎಂದಾಯಿತು.

ಕಥೆ ಅಚ್ಚಾಗಿ ಬಂತು. ಆ ವರ್ಷದ ಗ್ಯಾದರಿಂಗಿಗೆ, ಎಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಅದನ್ನೇ ನಾಟಕವಾಡಿಸಿದರು. ರಂಗವೆಂದರೆ ನನ್ನ ಕಟ್ಟೆಯೇ. ಕೊನೆಯ ದೃಶ್ಯಕ್ಕೆ ಹೆಸರು ಕಾಣಬೇಕಲ್ಲ? ಸುಣ್ಣದಲ್ಲಿ ಬರೆಯಿರಿ, ಮರುದಿನ ತೊಳೆದರಾಯಿತು ಎಂದು ಅಕ್ಕೋರು ಡ್ರಾಯಿಂಗ್ ಮಾಸ್ತರರಿಗೆ ಹೇಳಿದ್ದರು. ಸುಣ್ಣ ನಿಲ್ಲಲಿಲ್ಲ. ಮಾಸ್ತರರು ಬಾಗಿಲಿಗೆ ಬಳಿದು ಉಳಿದಿದ್ದ ಬಿಳಿ ಎಣ್ಣೆಬಣ್ಣದಲ್ಲಿ, ಚೆಂದದ ಅಕ್ಷರದಲ್ಲಿ, ನನ್ನ ಪಟ್ಟಿಯ ಮೇಲೆ ‘ಹೊನ್ನವ್ವ’ ಎಂದು ಬರೆದರು.

ಬಣ್ಣ ತಣ್ಣಗಿತ್ತು. ಅದು ಒಣಗುವ ಮೊದಲೇ ನನಗೆ ಉಸಿರು ಕೇಳಿಸಿತು. ಪುಟ್ಟ ಉಸಿರು, ನಾಟಕದ ಗಾಬರಿಯಲ್ಲಿ ಏರಿಳಿಯುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹಿತವೆನಿಸಿತು. ಅಷ್ಟು ಕಾಲ ಖಾಲಿಯಿದ್ದವರಿಗೆ ಮಾತ್ರ ಅದು ಅರ್ಥವಾದೀತು.

ಹೊನ್ನವ್ವ ದಿಬ್ಬವೇರಿ ಕೂಗಿದಳು, ಬಿದ್ದಳು. ಊರಿಗೆ ಊರೇ ಅತ್ತಿತು. ಅವಳ ಅಪ್ಪ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ. ನಿಂಗವ್ವ ಮಾತ್ರ ಎದ್ದು ಮನೆಗೆ ಹೋದಳು.

ಮರುದಿನ ಬಣ್ಣ ತೊಳೆಯುವುದು ಯಾರಿಗೂ ನೆನಪಾಗಲಿಲ್ಲ. ಮಕ್ಕಳು ನನ್ನ ಮುಂದೆ ಚೆಂಡುಹೂ ತಂದಿಟ್ಟರು. ಆಟದ ಹೊತ್ತಿಗೆ ದಿನವೂ ಅದೇ ನಾಟಕ. ಕಳ್ಳರು ದಿನಕ್ಕೊಬ್ಬರು ಬದಲಾಗುತ್ತಿದ್ದರು, ಸಾಯುವವಳು ಬದಲಾಗುತ್ತಿರಲಿಲ್ಲ. “ನೀನ ಬೀಳಬೇಕು, ನಿನ್ನ ಹೆಸರ ಐತಿ” ಎನ್ನುತ್ತಿದ್ದರು. ಆಮೇಲೆ ಆಟದಲ್ಲೂ ಅವಳನ್ನು ಕರೆಯುವುದು ನಿಂತಿತು. ಸತ್ತವರನ್ನು ಯಾರು ಆಟಕ್ಕೆ ಕರೆಯುತ್ತಾರೆ? ಹೂ ಇಡುತ್ತಿದ್ದರು, ಕೈಮುಗಿಯುತ್ತಿದ್ದರು, ಪಕ್ಕದಲ್ಲಿ ಕೂತವಳನ್ನು ಮಾತಾಡಿಸುತ್ತಿರಲಿಲ್ಲ. ಅವಳ ಬೆಂಚಿನಲ್ಲಿ ಯಾರೂ ಕೂರದಂತಾಯಿತು.

ಒಂದು ಬೆಳಿಗ್ಗೆ ಅಕ್ಕೋರು ಹಾಜರಿ ಕರೆಯುತ್ತಿದ್ದರು. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. “ಹೊನ್ನವ್ವ” ಎಂದರು. ಹುಡುಗಿ ಬೆಂಚಿನಲ್ಲೇ ಇದ್ದಳು, ಬಾಯಿ ತೆರೆಯಲಿಲ್ಲ. ಇಡೀ ತರಗತಿ ಕಿಟಕಿಯತ್ತ ತಿರುಗಿ ನನ್ನನ್ನು ನೋಡಿತು. ನಗು ಇಲ್ಲ, ತುಂಟತನ ಇಲ್ಲ. ಉತ್ತರ ಅಲ್ಲಿಂದ ಬರುತ್ತದೆಂದು ಕಾದಂತೆ ಕೂತಿದ್ದರು. ಅಕ್ಕೋರ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಅವರು ಮೊದಲ ಬಾರಿ ಹೆದರಿದ್ದನ್ನು ನಾನು ಕಂಡೆ.

ಆ ವಾರವೇ ಹೊನ್ನವ್ವ ಹಾಸಿಗೆ ಹಿಡಿದಳು. ಹೆಸರು ನನ್ನ ಮೇಲಿತ್ತಲ್ಲ, ಅವಳ ಮನೆಯ ಮಾತೆಲ್ಲ ಅವಳ ಉಸಿರಿನ ಜೊತೆ ನನಗೆ ತಲುಪುತ್ತಿತ್ತು. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ತಾಲೂಕಿನ ಡಾಕ್ಟರು ಗುಳಿಗೆ ಕೊಟ್ಟರು. ಜ್ವರಕ್ಕೆ ಕಾರಣ ಇದೇ ಎಂದು ಅವರಿಗೂ ಹೇಳಲಾಗಲಿಲ್ಲ. ಹುಡುಗಿ ಊಟ ಬಿಟ್ಟಳು. “ದನದ ಗಂಟಿ ಕೇಳಸ್ತೈತಿ, ಅಜ್ಜಿ. ದನ ಬರಾಕತ್ತಾವು” ಎನ್ನುತ್ತಿದ್ದಳು. ನಿಂಗವ್ವ ಬಾಗಿಲು ಹಾಕುತ್ತಿದ್ದಳು. ನನಗೂ ಆ ಗಂಟೆ ಕೇಳಿಸುತ್ತಿತ್ತು. ನನ್ನ ಕೆಳಸಾಲಿನ ದನಗಳ ಕೊರಳಲ್ಲಿ ಬೀಚೋಜ ಗಂಟೆ ಕೆತ್ತಿರಲಿಲ್ಲ. ಆದ್ದರಿಂದ ಅದು ಎಲ್ಲಿಂದ ಬರುತ್ತಿತ್ತೋ ನಾನೂ ಹೇಳಲಾರೆ.

ನಿಂಗವ್ವ ಶಾಲೆಗೆ ಬಂದಳು. ಬೈಯಲಿಲ್ಲ, ಕೂಗಾಡಲಿಲ್ಲ. ಕಟ್ಟೆ ಹತ್ತಿ ತನ್ನ ಸೆರಗಿನಿಂದ ನನ್ನ ಮೇಲಿನ ಹೆಸರನ್ನು ಮುಚ್ಚಿ ಹಿಡಿದು ನಿಂತಳು. ಅಕ್ಕೋರು ಓಡಿ ಬಂದರು.

“ಅಜ್ಜಿ, ನಾ ಇವತ್ತ ತಗೀತೀನಿ. ಇದರಿಂದ ಏನೂ ಆಗೂದಿಲ್ಲ, ಆದ್ರೂ ತಗೀತೀನಿ.”

“ತಗದ್ರ ಖಾಲಿ ಆಕ್ಕೈತ್ರಿ. ಖಾಲಿ ಆದ್ರ ಮತ್ತ ಕೇಳತೈತಿ.”

ಅಕ್ಕೋರು ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದರು. ತೋಳು ಸೋಲುವವರೆಗೆ ಉಜ್ಜಿದರು. ಮೇಲಿನ ಬಣ್ಣ ಹೋಯಿತು. ಆದರೆ ನನ್ನ ಮೈ ಬಣ್ಣದ ಎಣ್ಣೆಯನ್ನು ಕುಡಿದಿತ್ತು. ಒಣಗಿದಾಗ ಏನೂ ಕಾಣದು, ನೀರು ಬಿದ್ದರೆ ಆ ಅಕ್ಷರಗಳು ಮಸುಕಾಗಿ ಏಳುತ್ತಿದ್ದವು. ನಾನು ಬಿಡಲಿಲ್ಲವೋ, ಬಿಡಲಾಗಲಿಲ್ಲವೋ, ನೀವೇ ತೀರ್ಮಾನಿಸಿ. ಉಸಿರು ಮಾತ್ರ ಹಾಗೆಯೇ ಕೇಳಿಸುತ್ತಿತ್ತು, ಮೊದಲಿಗಿಂತ ಸಣ್ಣಗೆ.

ಅಂದು ಸಂಜೆ ಅಕ್ಕೋರು ಹುಡುಗಿಯ ಹಾಸಿಗೆಯ ಪಕ್ಕ ಕೂತರು.

“ಹೊನ್ನವ್ವ, ಸಾಲಿಗೆ ಯಾವಾಗ ಬರ್ತಿ?”

“ಹೆಂಗ ಬರ್ಲ್ರಿ ಅಕ್ಕೋರ? ನಾ ಸತ್ತೇನಲ್ರಿ.”

“ಅದು ಕಥಿ, ಹುಚ್ಚಿ. ನಾ ಬರದದ್ದು. ಈಗ ಬದಲ ಮಾಡ್ತೀನಿ. ಬಾಣ ತಪ್ಪತೈತಿ, ನೀ ದನ ಹೊಡಕೊಂಡು ಮನಿಗೆ ಬರ್ತಿ.”

“ಕಥಿ ಬದಲ ಆಕ್ಕೈತ್ರಿ. ಕಲ್ಲ ಬದಲ ಆಗೂದಿಲ್ಲ. ಕಲ್ಲಿನ ಮ್ಯಾಲೆ ಬರದದ್ದು ಖರೆ ಅಂತ ನೀವ ಕಲಿಸೀರಲ್ರಿ.”

“ಹೆಸರ ಅಳಿಸೇನಿ. ಈಗ ಅಲ್ಲಿ ಏನೂ ಇಲ್ಲ.”

“ನೀರ ಹಾಕಿದ್ರ ಕಾಣತೈತಂತ್ರಿ. ಹುಡುಗರು ಹೇಳಿದ್ರು.”

ತಮ್ಮ ಪಾಠವನ್ನು ತಮ್ಮದೇ ವಿದ್ಯಾರ್ಥಿನಿ ಇಷ್ಟು ಚೆನ್ನಾಗಿ ಕಲಿತದ್ದನ್ನು ಕಂಡು ಯಾವ ಶಿಕ್ಷಕರೂ ಅಷ್ಟು ದುಃಖಪಟ್ಟಿರಲಾರರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಹುಡುಗಿಯ ಉಸಿರಿನ ನಡುವೆ ಬಳೆಯ ಸದ್ದೊಂದು ಕೇಳಿಸಿತು. ಅವಳ ತಲೆ ಸವರುತ್ತಿದ್ದರೆಂದು ಕಾಣುತ್ತದೆ.

ಮರುದಿನ ಬೀಸುಕಲ್ಲು, ಒಳಕಲ್ಲು ಕಟೆಯುವ ಯಲ್ಲಪ್ಪನನ್ನು ಕರೆಸಿದರು. ಕೆತ್ತಬೇಕಾದ ಹೆಸರು ಕೇಳಿ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಜೀವ ಇದ್ದವ್ರ ಹೆಸರ ವೀರಗಲ್ಲಿನ ಮ್ಯಾಲೆ ಕೆತ್ತೂದಿಲ್ರಿ ಅಕ್ಕೋರ. ನನ್ನ ಕೈ ಬರೂದಿಲ್ಲ.”

“ನಿನ್ನ ಕೈ ಬ್ಯಾಡ. ಉಳಿ, ಸುತ್ತಿಗಿ ಕೊಟ್ಟು ಹೋಗು.”

ಶಾಲೆ ನಡೆಯುತ್ತಿದ್ದ ಹೊತ್ತು. ಬಿಸಿಲು ನೆತ್ತಿಯ ಮೇಲಿತ್ತು. ಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ನಿಂತರು. ಹೆಡ್‌ಮಾಸ್ತರರು ಓಡಿ ಬಂದರು. ಸಭ್ಯ ಮನುಷ್ಯ, ಧ್ವನಿ ಏರಿಸಿದ್ದು ಅಂದೇ.

“ಏನ್ ಮಾಡಾಕತ್ತೀರಿ ಬಣಕಾರ ಅವರ? ಪುರಾತನ ವಸ್ತು ಅದು! ಹುಡುಗರು ಗೀಚಿದ್ರ ನೀವ ಬೈತಿದ್ರಲ್ಲ? ಆ ಮುದುಕಿ ಮಾತ ನಂಬೀರೇನು?”

“ನಾ ನಂಬೂದಿಲ್ಲ ಸರ. ಆ ಹುಡುಗಿ ನಂಬ್ಯಾಳ. ನಾನ ಆಕಿನ್ನ ನಂಬಿಸೇನಿ.”

ಅಷ್ಟು ಹೇಳಿ ಅವರು ಉಳಿಯನ್ನು ನನ್ನ ಪಟ್ಟಿಯ ಎಡ ಅಂಚಿಗೆ ಹಚ್ಚಿದರು.

ಬೀಚೋಜನ ನಂತರ ನನ್ನ ಮೈಗೆ ಉಳಿ ತಾಗಿದ್ದು ಆಗಲೇ. ಅವನದು ಪಳಗಿದ ಕೈ. ಇದು ಸೀಮೆಸುಣ್ಣ ಹಿಡಿದ ಕೈ. ಏಟು ಒಮ್ಮೆ ಉಳಿಗೆ, ಒಮ್ಮೆ ಹೆಬ್ಬೆರಳಿಗೆ. ರಕ್ತ ಹರಿದು ನನ್ನ ಮೇಲೆ ಬಿತ್ತು. ‘ಕ’ ಓರೆಯಾಯಿತು. ಪಟ್ಟಿಯ ಮೇಲಿಂದ ಕೆಳತನಕ, ಆ ಅಂಚಿನಿಂದ ಈ ಅಂಚಿಗೆ, ಅಷ್ಟು ದೊಡ್ಡ ಅಕ್ಷರ. “ಸಣ್ಣಾಗಿ ಬರೀಬಾರದೇನ್ರಿ, ಒಂದ್ ಮೂಲ್ಯಾಗ?” ಎಂದು ಹೆಡ್‌ಮಾಸ್ತರರು ಗೋಗರೆದರು. ಅಕ್ಕೋರು ಕೇಳಿಸಿಕೊಳ್ಳಲಿಲ್ಲ.

ಕೊನೆಯ ಅಕ್ಷರ ಮುಗಿಯುವ ಹೊತ್ತಿಗೆ ಹೊನ್ನವ್ವನ ಉಸಿರು ತಟ್ಟನೆ ನಿಂತಿತು.

ಸತ್ತಳು ಎಂದುಕೊಂಡೆ. ಕೆರೆಯಲ್ಲಿ ಮುಳುಗಿದವನ ಉಸಿರೂ ಹೀಗೆಯೇ ನಿಂತಿತ್ತು. ನಾನು ಬಯಸಿದ್ದು ಇದನ್ನೇ ತಾನೇ? ಆದರೂ ನನಗೆ ಸಂಕಟವಾಯಿತು. ಕಲ್ಲಿಗೂ ಸಂಕಟವೇ ಎಂದು ಕೇಳಬೇಡಿ, ಆಯಿತು. ಅಷ್ಟರಲ್ಲಿ ಇನ್ನೊಂದು ಉಸಿರು ಕೇಳಿಸತೊಡಗಿತು. ಏದುಸಿರು, ಬಿಸಿಲಿನಲ್ಲಿ ಬೆವರಿದವರದು. ಅದು ಬರುತ್ತಿದ್ದುದು ನನ್ನ ಮುಂದೆಯೇ ಉಳಿ ಹಿಡಿದು ಕುಸಿದು ಕೂತಿದ್ದವರಿಂದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೊನ್ನವ್ವನ ಅಪ್ಪ ಓಡುತ್ತ ಬಂದ. ಹುಡುಗಿ ಎದ್ದು ಕೂತಿದ್ದಳಂತೆ. ಹಸಿವೆ ಎಂದಳಂತೆ. ಪಕ್ಕದ ಮನೆಯ ಗೆಳತಿ ಶಾಲೆಯಿಂದ ಓಡಿ ಬಂದು, “ಕಲ್ಲಿನ ಮ್ಯಾಲೆ ನಿನ್ನ ಹೆಸರಿಲ್ಲ, ಅಕ್ಕೋರದು ಐತಿ” ಎಂದು ಹೇಳಿದ್ದಳಂತೆ. ಅದಕ್ಕೆ ಎದ್ದಳೋ, ಅದಕ್ಕೂ ಮೊದಲೇ ಎದ್ದಿದ್ದಳೋ, ಯಾರಿಗೂ ಖಚಿತವಿಲ್ಲ. “ಗುಳಿಗಿ ಹತ್ತಿದ್ವು ನೋಡ್ರಿ” ಎಂದರು ಅಕ್ಕೋರು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನಕ್ಕರು. ನಗುವಾಗ ಅವರ ಉಸಿರು ನಡುಗುತ್ತಿದ್ದುದು ನನಗೊಬ್ಬನಿಗೇ ಗೊತ್ತು.

ಮುಂದೆ ಅನೇಕ ವರ್ಷ ಅವರು ಅದೇ ಶಾಲೆಯಲ್ಲಿದ್ದರು. ಹಳೆಯ ಕಲ್ಲನ್ನು ಕೆಡಿಸಿದ ಇತಿಹಾಸದ ಶಿಕ್ಷಕಿ ಎಂಬ ಮಾತು ಅವರ ಹಿಂದೆಯೇ ಓಡಾಡಿತು. ತಿಳಿದವರು ಬಂದು ನನ್ನನ್ನು ನೋಡಿ ತಲೆ ಆಡಿಸಿ ಹೋಗುತ್ತಿದ್ದರು. ಗುಡಿ, ಕೋಟೆಗೆ ಮಕ್ಕಳನ್ನು ಕರೆದೊಯ್ಯುವುದನ್ನು ಅಕ್ಕೋರು ಬಿಟ್ಟುಬಿಟ್ಟರು. ಕಥೆ ಬರೆಯುವುದನ್ನು ಬಿಡಲಿಲ್ಲ. ಆಮೇಲೂ ಮಕ್ಕಳ ಹೆಸರೇ ಇಡುತ್ತಿದ್ದರು. ಆದರೆ ಕಥೆಯಲ್ಲಿ ಯಾರಾದರೂ ಸಾಯಬೇಕಾದರೆ ಆ ಪಾತ್ರದ ಹೆಸರು ಕಸ್ತೂರಿ. ಸುರಂಗ ಕುಸಿದು ಸತ್ತವಳು ಕಸ್ತೂರಿ, ಪ್ಲೇಗಿನ ವರ್ಷ ಊರಿಗೆ ಗಂಜಿ ಕಾಯಿಸಿ ಸತ್ತವಳು ಕಸ್ತೂರಿ. ಕಥೆಯ ಕೊನೆಗೆ ಕಣ್ಮುಚ್ಚುವ ಮುದುಕಿಯರೂ ಕಸ್ತೂರಿಯೇ. ಮಕ್ಕಳು ಜೋರಾಗಿ ಓದುತ್ತ ಆ ಹೆಸರು ಬಂದಾಗ ದನಿ ತಗ್ಗಿಸುತ್ತಿದ್ದರು.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ನನ್ನ ಕಟ್ಟೆಗೆ ಬಂದು ಕೂರುತ್ತಿದ್ದರು. “ಏನಪಾ, ನಿನಗ ಅವಸರ ಇಲ್ಲ ಹೌದಿಲ್ಲೊ?” ಎಂದು ಕೇಳುತ್ತಿದ್ದರು. ನನಗೆ ಬಾಯಿಯಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವರ ಉಸಿರು ಹಗಲೂ ಇರುಳೂ ನನ್ನೊಳಗೆ ನಡೆಯುತ್ತಿತ್ತು. ಅಡುಗೆಮನೆಯ ಒಗ್ಗರಣೆಗೆ ಕೆಮ್ಮುತ್ತಿದ್ದುದು, ಬರೆಯುವಾಗ ಉಸಿರು ಹಿಡಿದು ಕೂರುತ್ತಿದ್ದುದು, ಸರಿಯಾದ ವಾಕ್ಯ ಸಿಕ್ಕಾಗ ಬಿಡುತ್ತಿದ್ದ ದೊಡ್ಡ ಉಸಿರು. ಅದು ನನಗೆ ರೂಢಿಯಾಯಿತು. ರೂಢಿಯಾದದ್ದು ಹೋದೀತೆಂಬ ಭಯವೂ ಜೊತೆಗೇ ಬಂತು. ಅವರು ಕೆಮ್ಮಿದರೆ ನಾನು ಬೆದರುತ್ತಿದ್ದೆ.

ನಿವೃತ್ತಿಗೆ ಇನ್ನೂ ಕಾಲವಿತ್ತು. ಒಂದು ಮಧ್ಯಾಹ್ನ ಪಾಠ ಹೇಳುತ್ತಿದ್ದಾಗ, ವಾಕ್ಯವೊಂದರ ಅರ್ಧಕ್ಕೆ, ಅವರ ಉಸಿರು ನಿಂತಿತು. ಹೃದಯದ ಕಾಯಿಲೆ, ಅವರ ತಾಯಿಗೂ ಇತ್ತು ಎಂದರು ಡಾಕ್ಟರು. ಕಲ್ಲು ತನ್ನದನ್ನು ತಗೊಂಡಿತು ಎಂದಿತು ಊರು. ನಾನು ಕರೆಯಲಿಲ್ಲ. ಕರೆಯದೆಯೂ ಬರುವಂತೆ ಮಾಡುವ ಗುಣ ನನ್ನಲ್ಲಿದೆಯೋ ಏನೋ, ಅದು ನನ್ನನ್ನು ಕಟೆದವನಿಗೇ ಗೊತ್ತು. ಹುಟ್ಟಿದಾಗಿನಿಂದ ನಾನು ಕಾದದ್ದು ನನಗೆ ಸಿಕ್ಕಿತ್ತು. ಆ ದಿನದಷ್ಟು ದುಃಖ ನನಗೆ ಬೇರೆ ಯಾವಾಗಲೂ ಆಗಿಲ್ಲ.

ಈಗ ನಾನು ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯದ ಹಿತ್ತಲಲ್ಲಿ, ಒಂದು ಕಟ್ಟೆಯ ಮೇಲಿದ್ದೇನೆ. ಶಾಲೆಗೆ ಹೊಸ ಕಟ್ಟಡ ಬಂದಾಗ ಇಲ್ಲಿಗೆ ತಂದರು. ಸುತ್ತಲೂ ಹೆಸರಿರುವ, ಇಸವಿಯಿರುವ ವೀರಗಲ್ಲುಗಳು. ನನ್ನ ಕಾಲ ಬಳಿ ಒಂದು ತಗಡಿನ ಫಲಕ: ‘ಹೆಸರಿಲ್ಲದ ವೀರಗಲ್ಲು. ಪಟ್ಟಿಯ ಮೇಲಿನ ಬರಹ ಇತ್ತೀಚಿನದು, ಚರಿತ್ರೆಗೆ ಸಂಬಂಧಿಸಿದ್ದಲ್ಲ.’ ಬರೆದವರ ತಪ್ಪೇನಿಲ್ಲ, ಅವರ ವಿದ್ಯೆ ಹಾಗೆ ಹೇಳುತ್ತದೆ.

ಹೋದ ಬೇಸಿಗೆಯಲ್ಲಿ ಹೊನ್ನವ್ವ ಬಂದಿದ್ದಳು. ಈಗ ಅಂಗನವಾಡಿ ನಡೆಸುತ್ತಾಳೆ, ಕೂದಲಿಗೆ ನರೆ ಬಂದಿದೆ. ಜೊತೆಗೆ ಪುಟ್ಟ ಮಗಳು, ಕೈಯಲ್ಲಿ ನೀರಿನ ಬಾಟಲಿ. ಹೊನ್ನವ್ವ ಫಲಕ ಓದಿದಳು. ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿದಳು. ಓರೆಯಾದ ‘ಕ’ದಲ್ಲಿ ಗೂಡು ಕಟ್ಟಿದ್ದ ಜೇಡವನ್ನು ಮೆಲ್ಲಗೆ ಎತ್ತಿ ಗಿಡಕ್ಕೆ ಬಿಟ್ಟಳು.

ಮಗು ಕುದುರೆಯ ಮೇಲಿನ ವೀರನನ್ನೂ ಅವನ ತಲೆಯ ಮೇಲಿನ ಹೆಸರನ್ನೂ ನೋಡಿ ಕೇಳಿತು. “ಯವ್ವಾ, ನಿಮ್ಮ ಅಕ್ಕೋರಿಗೆ ಮೀಸಿ ಇದ್ದುವೇನ?”

ಹೊನ್ನವ್ವ ಜೋರಾಗಿ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮಗು ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಕಟ್ಟೆ ಹತ್ತಿ, ನನ್ನ ಪಟ್ಟಿಯ ಅಂಚಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ತಿದ್ದಲು ಹೊರಟಿತ್ತು. ಅಕ್ಷರಗಳ ನಡುವೆ ಬೆರಳೂರುವಷ್ಟು ಜಾಗ ಹುಡುಕುತ್ತಿತ್ತು. ಹೊನ್ನವ್ವ ಒಂದೇ ನೆಗೆತಕ್ಕೆ ಬಂದು ಆ ಕೈಯನ್ನು ಹಿಡಿದುಕೊಂಡಳು. ಮಗು ಬೆಚ್ಚಿ ಅವಳ ಮುಖ ನೋಡಿತು.

“ಅಲ್ಲಿ ಜಾಗ ಇಲ್ಲವ್ವಾ” ಎಂದಳು ಹೊನ್ನವ್ವ, ಮಗಳ ಒದ್ದೆ ಬೆರಳನ್ನು ತನ್ನ ಸೆರಗಿನಲ್ಲಿ ಒರೆಸುತ್ತ. “ಅಲ್ಲಿ ನಮ್ಮ ಅಕ್ಕೋರ ಅದಾರ.”